ನಾಚಿಕೆಯ ಮಗುವಿಗೆ ಧೈರ್ಯ ಬರೋದು ಹೇಗೆ?

ಮದರಸಾದಲ್ಲಿ ಉಸ್ತಾದರ ಮುಂದೆ ಕುರಾನ್ ಸ್ಪಷ್ಟವಾಗಿ ಓದೋ ಮಗು,
ಶಾಲೆಯಲ್ಲಿ ಟೀಚರ್ ಕೇಳಿದರೆ ತಲೆ ತಗ್ಗಿಸಿ ನಿಲ್ಲೋದು ಯಾಕೆ?
ದನಿ ಇಲ್ಲ ಅಂತಲ್ಲ.
ಮನೆಯಲ್ಲಿ ದಖನಿ ಉರ್ದು, ಮಂಗಳೂರು ಕಡೆ ಬ್ಯಾರಿ.
ತರಗತಿಯಲ್ಲಿ ಕನ್ನಡವೋ, ಇಂಗ್ಲಿಷೋ.
ಮಾತು ತಪ್ಪಿದರೆ ನಗುತ್ತಾರೆ ಅನ್ನೋ ಭಯ.
ಆ ಮೌನವನ್ನು ನಾವು ದಡ್ಡತನ ಅಂದುಕೊಳ್ತೇವೆ.

ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲೇ ವಿವರಿಸಿದ್ದರು:
ನನ್ನಿಂದ ಆಗುತ್ತೆ ಅನ್ನೋ ನಂಬಿಕೆ ಬರೀ ಹೊಗಳಿಕೆಯಿಂದ ಗಟ್ಟಿಯಾಗಲ್ಲ,
ಸ್ವತಃ ಮಾಡಿ ಗೆದ್ದಾಗ ಗಟ್ಟಿಯಾಗುತ್ತೆ.
ಹಾಗಾಗಿ ಮಗುವನ್ನು ಏಕಾಏಕಿ ಸ್ಟೇಜ್ ಹತ್ತಿಸಬೇಡಿ.
ಈಜು ಕಲಿಯೋರ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟುತ್ತಾರಲ್ಲ,
ಮನೆಮಾತು ಹಾಗೆ, ಮುಳುಗಲು ಬಿಡಲ್ಲ.
ಉತ್ತರ ಮೊದಲು ಅದರಲ್ಲೇ ಬರಲಿ, ಆಮೇಲೆ ಕನ್ನಡದಲ್ಲಿ.
ಇವತ್ತು ಪಕ್ಕದ ಗೆಳೆಯನಿಗೆ ಓದಿ ಹೇಳಲಿ,
ನಾಳೆ ನಾಲ್ಕು ಜನಕ್ಕೆ, ಮುಂದೆ ಇಡೀ ತರಗತಿಗೆ.

ಲಜ್ಜೆ ಈಮಾನಿನ, ಅಂದರೆ ವಿಶ್ವಾಸದ, ಭಾಗ ಅಲ್ವಾ ಅಂತ ಕೇಳಬಹುದು.
ಖಂಡಿತ ಹೌದು.
ಆದರೆ ಲಜ್ಜೆ ತಡೆಯಬೇಕಾದ್ದು ಕೆಟ್ಟ ಕೆಲಸವನ್ನು, ಪ್ರಶ್ನೆಯನ್ನಲ್ಲ.
ಧರ್ಮ ತಿಳಿಯೋಕೆ ನಾಚಿಕೆ ಅಡ್ಡ ಬರಲು ಬಿಡದ ಮದೀನಾದ ಅನ್ಸಾರಿ ಮಹಿಳೆಯರನ್ನು
ಪ್ರವಾದಿಯವರ ಪತ್ನಿ ಹಜರತ್ ಆಯಿಶಾ ಮೆಚ್ಚಿಕೊಂಡಿದ್ದರು.
ದೊಡ್ಡವರಾದರೆ ತಾನಾಗಿ ಸರಿಹೋಗುತ್ತೆ ಅಂತೀರಾ?
ಕೆಲವರಿಗೆ ಸರಿಹೋಗಬಹುದು.
ಆದರೆ ಅಲ್ಲಿವರೆಗೆ ಕೇಳದೆ ಉಳಿದ ಪ್ರಶ್ನೆಗಳು ಪಾಠದಲ್ಲಿ ಕೊರತೆಯಾಗಿಯೇ ಉಳಿಯುತ್ತವೆ.

ಅಪ್ಪ ಅಮ್ಮಂದಿರೇ, ಮಗುವಿನ ಎದುರೇ ಇವನಿಗೆ ನಾಚಿಕೆ ಜಾಸ್ತಿ ಅನ್ನಬೇಡಿ.
ಟೀಚರ್‌ಗಳೇ, ಮಗುವಿನ ಹೆಸರು ಸರಿಯಾಗಿ ಕರೆಯಿರಿ.
ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಸ್ವಲ್ಪ ಕಾಯಿರಿ.
ತಪ್ಪಾದರೂ ಪೂರ್ತಿ ಕೇಳಿಸಿಕೊಳ್ಳಿ.