ಹಲಗೆಯೊಳಗಿನ ಅಲೆಗಳು

ನಮ್ಮ ತಂದೆಯವರು ಪರಸಿ ಹಾಸುವ ಕೆಲಸದವರು. ಶಹಾಬಾದಿನ ಕಲ್ಲು ಲಾರಿಯಿಂದ ಇಳಿದೊಡನೆ ಒಂದೊಂದನ್ನೂ ಬೆರಳಗೆಣ್ಣಿನಿಂದ ಬಾರಿಸಿ ಕಿವಿಗೊಡುತ್ತಾರೆ. ಗಟ್ಟಿ ಕಲ್ಲು ಖಣ್ ಎನ್ನುತ್ತದೆ. ಒಳಗೆ ಬಿರುಕಿದ್ದರೆ ಸಪ್ಪಳ ಸಪ್ಪೆಯಾಗುತ್ತದೆ. “ಕಣ್ಣಿಗಿ ಕಾಣ್ಲಾರದ್ದು ಕಿವಿಗಿ ಕೇಳ್ತದ ನೋಡವ್ವ” ಎಂಬುದು ಅವರ ಮಾತು. ಈ ಮಾತೇ ಒಂದು ಶಾಸ್ತ್ರದ ತಳಹದಿಯೆಂದು ನಾನು ತಿಳಿದುಕೊಂಡುದು ಕಾಲೇಜಿಗೆ ಬಂದ ಮೇಲೆ. ಕಲಾ ವಿಭಾಗದ ವಿದ್ಯಾರ್ಥಿನಿಗೆ ಇದೇಕೆಂದು ಮಿತ್ರರು ಕೇಳಬಹುದು. ಅದಕ್ಕೆ ಕಾರಣವುಂಟು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ಒಂದು ವಾರ ಹೆಣಗಿ ತಾತ್ಕಾಲಿಕ ಹಲಗೆಗಳನ್ನು ಇಳಿಸಿ ನೀರನ್ನು ತಡೆಯಲಾಯಿತು. ರಾಯಚೂರು, ಕೊಪ್ಪಳ, ಬಳ್ಳಾರಿಯ ರೈತರು ಆ ದಿನಗಳನ್ನು ಮರೆಯಲಾರರು. ಅಂದು ಕಡಿದುದು ಸರಪಳಿ, ಹಲಗೆಯಲ್ಲ, ನಿಜ. ಆದರೆ ಗೇಟುಗಳೂ ಉಕ್ಕಿನ ಹಲಗೆಗಳೇ. ದಶಕಗಳ ಕಾಲ ನೀರಿನಲ್ಲಿ ನಿಂತ ಉಕ್ಕು ತುಕ್ಕು ಹಿಡಿದು ತೆಳುವಾಗುತ್ತದೆ. ಸೇಡಂ ರಸ್ತೆಯಲ್ಲಿ ಹಾಯುವ ಟ್ಯಾಂಕರುಗಳ ಮೈಯೂ ಬಾಗಿಸಿದ ಹಲಗೆಯೇ. ಇವು ಒಳಗೆ ಸವೆದುದನ್ನು ಮುರಿಯುವ ಮುನ್ನ ತಿಳಿಯುವುದು ಹೇಗೆ?

ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ ಮಾತ್ರ ಕೇಳಿಸುತ್ತದೆ. ಅದಕ್ಕೂ ಮೇಲಿನದು ಶ್ರವಣಾತೀತ ಧ್ವನಿ. ಇದನ್ನು ಹಲಗೆಯ ಒಂದು ಬಿಂದುವಿನಲ್ಲಿ ನೇರವಾಗಿ ಒಳಗೆ ಕಳುಹಿಸಿ, ಹಿಂಬದಿಗೆ ತಾಗಿ ಮರಳುವ ಹೊತ್ತನ್ನು ಅಳೆದರೆ ಅಲ್ಲಿಯ ದಪ್ಪ ತಿಳಿಯುತ್ತದೆ. ಆದರೆ ದೊಡ್ಡ ಗೇಟನ್ನು ಹೀಗೆ ಅಂಗುಲ ಅಂಗುಲವಾಗಿ ನೋಡುವುದು ಎಷ್ಟು ದಿನದ ಕೆಲಸ!

ಇಲ್ಲಿ ಬೇರೆ ಬಗೆಯ ಅಲೆ ನೆರವಾಗುತ್ತದೆ. ಬಯಲಿಗೆ ಬಿಟ್ಟ ನೀರು ಅಲ್ಲಲ್ಲೇ ಇಂಗುತ್ತದೆ. ಕಾಲುವೆಗೆ ಬಿಟ್ಟ ನೀರು ದೂರ ಹೋಗುತ್ತದೆ. ಹಾಗೆಯೇ ಹಲಗೆಯ ಎರಡು ಮುಖಗಳು ಕಾಲುವೆಯ ದಂಡೆಗಳಂತೆ ಅಲೆಯನ್ನು ನಡುವೆ ಹಿಡಿದು ಮೀಟರುಗಟ್ಟಲೆ ಸಾಗಿಸುತ್ತವೆ. ಇಂಗ್ಲೆಂಡಿನ ಗಣಿತಜ್ಞ ಹೊರೇಸ್ ಲ್ಯಾಂಬ್ 1917ರಲ್ಲಿ ಈ ಅಲೆಗಳ ಗಣಿತವನ್ನು ವಿವರಿಸಿದನು. ಆದುದರಿಂದ ಇವಕ್ಕೆ ಲ್ಯಾಂಬ್ ಅಲೆಗಳೆಂದು ಹೆಸರು. ಇವುಗಳಲ್ಲಿ ಎರಡು ಕುಲ: ಒಂದರಲ್ಲಿ ಎರಡೂ ಮುಖಗಳು ಒಟ್ಟಿಗೆ ಉಬ್ಬಿ ಒಟ್ಟಿಗೆ ತಗ್ಗುತ್ತವೆ, ಇನ್ನೊಂದರಲ್ಲಿ ಹಲಗೆ ಗಾಳಿಗೆ ಸಿಕ್ಕ ಧೋತರದಂತೆ ಬಾಗಿ ಬಳುಕುತ್ತದೆ.

ವಿದ್ಯುತ್ತಿಗೆ ಕಂಪಿಸುವ ಸಣ್ಣ ಬಿಲ್ಲೆಯನ್ನು ಹಲಗೆಗೆ ಅಂಟಿಸಿ ಅಲೆ ಎಬ್ಬಿಸುತ್ತಾರೆ. ದಾರಿಯಲ್ಲಿ ಬಿರುಕು ಸಿಕ್ಕರೆ ಅಲೆಯ ಒಂದು ಭಾಗ ಹಿಂದಿರುಗುತ್ತದೆ. ಅಲೆಯ ವೇಗ ಸೆಕೆಂಡಿಗೆ 5,000 ಮೀಟರ್ ಎಂದುಕೊಳ್ಳೋಣ. ಪ್ರತಿಧ್ವನಿ ಸೆಕೆಂಡಿನ ಹತ್ತು ಸಾವಿರದಲ್ಲಿ ನಾಲ್ಕು ಭಾಗದಷ್ಟು ಹೊತ್ತಿನಲ್ಲಿ ಮರಳಿದರೆ ಹೋಗಿ ಬಂದ ದಾರಿ 2 ಮೀಟರ್. ಬಿರುಕು 1 ಮೀಟರ್ ದೂರದಲ್ಲಿದೆ. ಇನ್ನು ತುಕ್ಕಿನಿಂದ ಹಲಗೆ ತೆಳುವಾಗಿದ್ದರೆ, ದಪ್ಪವನ್ನು ಅವಲಂಬಿಸಿದ ಅಲೆಗಳ ವೇಗವೇ ಬದಲಾಗುತ್ತದೆ.

ಈ ಉಪಾಯಕ್ಕೆ ಮಿತಿಗಳೂ ಉಂಟು. ಬೆಸುಗೆ, ರಿವೆಟ್ಟು, ಅಂಚುಗಳೂ ಅಲೆಯನ್ನು ಮರಳಿಸುತ್ತವೆ. ಹಲಗೆಗೆ ನೀರು ತಾಗಿದ್ದರೆ ಅಲೆಯ ಶಕ್ತಿ ಅದರೊಳಗೆ ಸೋರುತ್ತದೆ. ನಮ್ಮ ಕಡೆಯ ಮೇ ತಿಂಗಳ ಬಿಸಿಲೂ ವೇಗವನ್ನು ತುಸು ಬದಲಿಸುತ್ತದೆ. ಆದುದರಿಂದ ಹಲಗೆ ಸುಸ್ಥಿತಿಯಲ್ಲಿದ್ದಾಗಲೇ ಅದರ ಸಪ್ಪಳವನ್ನು ದಾಖಲಿಸಿಟ್ಟು, ಮುಂದೆ ಅದರೊಡನೆ ಹೋಲಿಸಬೇಕು. ಸಂಶಯ ಬಂದ ಕಡೆ ದಪ್ಪವನ್ನು ನೇರವಾಗಿ ಅಳೆದು ಖಚಿತಪಡಿಸಿಕೊಳ್ಳಬೇಕು. ದೋಷ ಕಂಡ ಮೇಲೆ ದುರಸ್ತಿ ಮಾಡದಿದ್ದರೆ ಯಾವ ಯಂತ್ರವೂ ಕಾಯಲಾರದು.

ತಂದೆಯವರಿಗೆ ಇದನ್ನೆಲ್ಲ ಓದಿ ಹೇಳಿದೆ. ಅವರು ನಕ್ಕು, “ಹಾಸಿದ ಮ್ಯಾಲ ಬಾರ್ಸಿ ಏನ್ ಉಪಯೋಗವ್ವ? ಮೊದ್ಲೇ ಬಾರಿಸ್ಬೇಕು” ಎಂದರು. ನಾನು ಇಷ್ಟು ಪುಟಗಳಲ್ಲಿ ಹೇಳಹೊರಟುದೂ ಅಷ್ಟೇ.