ಡಿಸ್ಕ್ ಇಲ್ಲದ ಸರ್ವರ್ ಏಳುವುದು ಹೇಗೆ?

ರೇಷನ್ ಅಂಗಡಿಯಲ್ಲಿ 'ಇವತ್ತು ಸರ್ವರ್ ಇಲ್ಲ' ಅನ್ನೋ ಮಾತನ್ನು ನಾವೆಲ್ಲ ಕೇಳಿದ್ದೇವೆ. ಸರ್ವರ್ ಅಂದರೆ ಬೇರೆ ಕಂಪ್ಯೂಟರುಗಳು ಕೇಳಿದ್ದನ್ನು ಒದಗಿಸುವ ಕಂಪ್ಯೂಟರ್. ಗುಂಡಿ ಒತ್ತಿದಾಗ ಅದು ಸಾಮಾನ್ಯವಾಗಿ ತನ್ನ ಡಿಸ್ಕಿನಿಂದ ಲಿನಕ್ಸ್, ವಿಂಡೋಸ್ ಇಂಥ ಮುಖ್ಯ ತಂತ್ರಾಂಶ ಓದಿಕೊಂಡು ಏಳುತ್ತದೆ. ಇದಕ್ಕೆ 'ಬೂಟ್' ಆಗೋದು ಅಂತಾರೆ.

ಡಿಸ್ಕೇ ಇಲ್ಲದಿದ್ದರೆ? ಆಗಲೂ ಏಳುತ್ತದೆ! ಹೇಗೆ ನೋಡಿ:

1. ನೆಟ್‌ವರ್ಕ್ ಕಾರ್ಡಿನಲ್ಲಿ ಪಿ.ಎಕ್ಸ್.ಇ. ಎಂಬ ಪುಟ್ಟ ಪ್ರೋಗ್ರಾಂ ಇರುತ್ತದೆ. ಇದರ 2.1ನೇ ಆವೃತ್ತಿಯ ನಿಯಮಗಳನ್ನು ಇಂಟೆಲ್ ಕಂಪನಿ 1999ರಲ್ಲಿ ಪ್ರಕಟಿಸಿತು. ಸರ್ವರಿನ ಸೆಟ್ಟಿಂಗ್‌ನಲ್ಲಿ 'ಮೊದಲು ನೆಟ್‌ವರ್ಕಿನಿಂದ ಏಳು' ಅಂತ ಆರಿಸಿಡಬೇಕು.

2. ಆ ಪ್ರೋಗ್ರಾಂ "ನನ್ನ ವಿಳಾಸ ಯಾವುದು? ಎಲ್ಲಿಂದ ಏಳಲಿ?" ಎಂದು ನೆಟ್‌ವರ್ಕಿನಲ್ಲಿ ಎಲ್ಲರಿಗೂ ಕೇಳುವಂತೆ ಕೂಗುತ್ತದೆ. ಡಿ.ಎಚ್.ಸಿ.ಪಿ. ಎಂಬ ಸೇವೆ ಉತ್ತರ ಕೊಡುತ್ತದೆ. ಪ್ರತಿ ಕಾರ್ಡಿಗೂ ಬೇರೆ ಬೇರೆ ಸಂಖ್ಯೆ ಇರೋದರಿಂದ ಕೂಗಿದವರು ಯಾರೆಂದು ಅದಕ್ಕೆ ಗೊತ್ತಾಗುತ್ತದೆ.

3. ಹೇಳಿದ ಜಾಗದಿಂದ ಒಂದು ಚಿಕ್ಕ ಫೈಲ್ ಬರುತ್ತದೆ. ಇದನ್ನು ತರುವ ವಿಧಾನ ಟಿ.ಎಫ್.ಟಿ.ಪಿ.

4. ಆ ಫೈಲ್ ಮುಖ್ಯ ತಂತ್ರಾಂಶವನ್ನು ತರಿಸಿ ಎಬ್ಬಿಸುತ್ತದೆ. ಅದು ಐ-ಸ್ಕಜಿ ಎಂಬ ವಿಧಾನದಿಂದ ದೂರದ ಡಿಸ್ಕನ್ನು ತನ್ನದೇ ಡಿಸ್ಕಿನಂತೆ ಬಳಸುತ್ತದೆ.

ಲಾಭ ಏನಪ್ಪಾ ಅಂದ್ರೆ, ಒಂದು ಸರ್ವರ್ ಕೆಟ್ಟರೆ ಅದರ ಜಾಗದಲ್ಲಿ ಇನ್ನೊಂದನ್ನು ಇಟ್ಟು, ಅದರ ಕಾರ್ಡಿನ ಸಂಖ್ಯೆ ಬರೆದುಕೊಂಡರೆ ಸಾಕು. ಮಾಹಿತಿ ಎಲ್ಲವೂ ದೂರದ ಡಿಸ್ಕಿನಲ್ಲಿ ಭದ್ರವಾಗಿರುತ್ತದೆ.

ಆದರೆ ಮೂರು ಎಚ್ಚರಿಕೆ ಬೇಕು:

* ಎರಡು ಸರ್ವರ್‌ಗಳಿಗೆ ಒಂದೇ ಡಿಸ್ಕ್ ಭಾಗ ಕೊಡಬಾರದು. ಇಬ್ಬರು ಒಂದೇ ನೋಟ್‌ಬುಕ್ಕಿನ ಒಂದೇ ಸಾಲಿನ ಮೇಲೆ ಬರೆದ ಹಾಗಾಗಿ, ಇಬ್ಬರದೂ ಹಾಳಾಗುತ್ತದೆ.

* ಡಿಸ್ಕುಗಳಿರುವ ಪೆಟ್ಟಿಗೆ ಕೆಟ್ಟರೆ ಎಲ್ಲಾ ಸರ್ವರ್‌ಗಳೂ ನಿಲ್ಲುತ್ತವೆ. ಆದ್ದರಿಂದ ಎರಡು ದಾರಿ, ಎರಡು ಪ್ರತಿ ಇಡಬೇಕು.

* ಟಿ.ಎಫ್.ಟಿ.ಪಿ.ಗೆ ಪಾಸ್‌ವರ್ಡ್ ಇಲ್ಲ. ಕೂಗಿಗೆ ಕಳ್ಳ ಕಂಪ್ಯೂಟರ್ ಉತ್ತರಿಸಿದರೂ ಸರ್ವರ್ ನಂಬಿಬಿಡಬಹುದು! ಅದಕ್ಕೇ ಈ ನೆಟ್‌ವರ್ಕನ್ನು ಬೇರೆಯಾಗಿಯೇ ಇಡುತ್ತಾರೆ.

ಯೋಚಿಸಿ: ಹತ್ತು ಸರ್ವರ್‌ಗಳಲ್ಲಿ ಒಂದು ಮಾತ್ರ ಏಳಲಿಲ್ಲ. ಮೊದಲು ಏನನ್ನು ನೋಡಬೇಕು? ಹತ್ತೂ ಏಳದಿದ್ದರೆ? ಉತ್ತರ ಮೇಲಿನ ನಾಲ್ಕು ಹೆಜ್ಜೆಗಳಲ್ಲೇ ಇದೆ.