ಹಳೆಯ ಫಟಫಟಿ ಮಿಸ್ ಹೊಡೆದರೆ ಮನೆಯಲ್ಲಿ ಮಾಡುವ ಪರೀಕ್ಷೆ

ಕಂದಲಗಾಂವದಂಥ ಊರಿನಲ್ಲಿ ಹಳೆಯ ಫಟಫಟಿಯೆಂದರೆ ಷೋಕಿಯ ವಸ್ತುವಲ್ಲ. ಅದೂ ಒಂದು ದುಡಿಯುವ ಎತ್ತು. ನಸುಕಿನಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಸೊಲ್ಲಾಪುರದ ಹಾದಿ ಹಿಡಿದಾಗ ಅದು ನಡುದಾರಿಯಲ್ಲಿ ಮಿಸ್ ಹೊಡೆಯತೊಡಗಿದರೆ ಹಾಲೂ ಕೆಡುತ್ತದೆ, ಆ ದಿನದ ಗಳಿಕೆಯೂ ಹೋಗುತ್ತದೆ. ಗಾಬರಿಯಿಂದ ಎಂಜಿನ್ನನ್ನೇ ಬಿಚ್ಚಿಸಿ ಸಾಲ ಮಾಡಿಕೊಳ್ಳುವವರುಂಟು. ಆದರೆ ಅನೇಕ ಸಲ ದೋಷವಿರುವುದು ಹೊರಗಿನ ಒಂದು ಸಣ್ಣ ಭಾಗದಲ್ಲಿ. ಎತ್ತು ಮೇವು ಬಿಟ್ಟರೆ ಮೊದಲು ಬಾಯಿ ತೆರೆದು ನೋಡುತ್ತೇವೆ. ಇಲ್ಲಿಯೂ ಅದೇ ಕ್ರಮ.

ಮೈಸೂರಿನ ಐಡಿಯಲ್ ಜಾವಾ ಕಾರಖಾನೆಯಲ್ಲಿ 1961ರಿಂದ 1996ರ ವರೆಗೆ ತಯಾರಾದ ಜಾವಾ, ಯೆಜ್ದಿ ಗಾಡಿಗಳನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಇವು ಎರಡು ಸ್ಟ್ರೋಕಿನ ಗಾಡಿಗಳು; ಎಣ್ಣೆ ಬೆರೆಸಿದ ಪೆಟ್ರೋಲ್ ಕುಡಿಯುತ್ತವೆ. ಪಿಸ್ಟನ್ ಮೇಲೇರಿದ ಪ್ರತಿಸಲವೂ ಪ್ಲಗ್ಗು ಕಿಡಿ ಕೊಡಬೇಕು. ಗಾಳಿ, ಪೆಟ್ರೋಲ್, ಕಿಡಿ ಈ ಮೂರರಲ್ಲಿ ಒಂದು ಕೆಟ್ಟರೂ ಬಡಿತ ತಪ್ಪುತ್ತದೆ. ಇದೇ ಮಿಸ್.

ಮೊದಲು ಲಕ್ಷ್ಯವಿಟ್ಟು ಕೇಳಿರಿ. ಗಾಡಿ ಏದುಸಿರು ಬಿಟ್ಟಂತೆ ಮೆಲ್ಲಗೆ ಸೋತರೆ ಬಹುತೇಕ ಪೆಟ್ರೋಲಿನ ದೋಷ. ಚಟ್ಟನೆ ಕಡಿದು ಮತ್ತೆ ಹತ್ತಿಕೊಂಡರೆ ಬಹುತೇಕ ವಿದ್ಯುತ್ತಿನ ದೋಷ.

ಪೆಟ್ರೋಲಿನ ಸಂಶಯವಿದ್ದರೆ ಟ್ಯಾಂಕಿನ ಮುಚ್ಚಳ ತೆರೆದು ನೋಡಿರಿ. ತೆರೆದೊಡನೆ ಗಾಡಿ ಸರಿಯಾದರೆ ಮುಚ್ಚಳದಲ್ಲಿಯ ಗಾಳಿಯ ರಂಧ್ರ ಧೂಳಿನಿಂದ ಕಟ್ಟಿದೆ ಎಂದು ತಿಳಿಯಿರಿ. ಬಳಿಕ ನಳಿಗೆಯಿಂದ ಸ್ವಲ್ಪ ಪೆಟ್ರೋಲನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ತುಸು ಹೊತ್ತು ಇಡಿರಿ. ತಳದಲ್ಲಿ ಬೇರೆ ಪದರು ನಿಂತರೆ ಅದು ನೀರು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20ರ ವರೆಗೆ ಎಥೆನಾಲ್ ಇರುತ್ತದೆ. ನಾವು ಬೆಳೆಯುವ ಕಬ್ಬಿನಿಂದಲೂ ಆಗುವ ಈ ಪದಾರ್ಥ ನೀರನ್ನು ಹೀರುತ್ತದೆ, ಹಳೆಯ ರಬ್ಬರನ್ನೂ ಕೆಡಿಸುತ್ತದೆ. ಆದಕಾರಣ ತಿಂಗಳುಗಟ್ಟಲೆ ನಿಂತ ಪೆಟ್ರೋಲನ್ನು ನಂಬಬಾರದು.

ಎರಡನೆಯದಾಗಿ ಪ್ಲಗ್ಗು ಬಿಚ್ಚಿರಿ. ಅದು ಗಾಡಿಯ ನಾಲಿಗೆ. ಕಂದು ಬಣ್ಣವಿದ್ದರೆ ಆರೋಗ್ಯ. ಒಣ ಕರಿಮಸಿಯಿದ್ದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಕರಿಮಣ್ಣಿನ ಧೂಳು ತುಂಬಿದ ಏರ್ ಫಿಲ್ಟರನ್ನು ಸ್ವಚ್ಛ ಮಾಡಿರಿ. ಎಣ್ಣೆಯಿಂದ ತೊಯ್ದಿದ್ದರೆ ಎಣ್ಣೆ ಹೆಚ್ಚಾಗಿದೆ, ಇಲ್ಲವೆ ಕಿಡಿ ಸೊರಗಿದೆ. ಲೀಟರಿಗೆ 40ರಿಂದ 50 ಮಿಲಿಲೀಟರ್ ಎಣ್ಣೆ ಸಾಕು, ಅಂದಾಜಿನಿಂದ ಸುರಿಯಬೇಡಿರಿ. ಬಿಳಿಚಿದ್ದರೆ ಎಲ್ಲಿಯೋ ಹೆಚ್ಚಿನ ಗಾಳಿ ನುಸುಳುತ್ತಿದೆ. ಕಾರ್ಬುರೇಟರಿನ ನಟ್ಟುಗಳನ್ನು ನೋಡಿರಿ. ಹೀಗೆ ಬಿಳಿಚಿದ ಗಾಡಿಯನ್ನು ಓಡಿಸಿದರೆ ಪಿಸ್ಟನ್ನು ಕಾಯ್ದು ಹಿಡಿದುಕೊಳ್ಳುತ್ತದೆ.

ಮೂರನೆಯದು ಕಿಡಿ. ಪೆಟ್ರೋಲಿನ ನಳ ಮುಚ್ಚಿ, ಪ್ಲಗ್ಗಿನ ತೂತಿಗೆ ಬಟ್ಟೆ ತುರುಕಿರಿ. ಪ್ಲಗ್ಗಿಗೆ ವೈರು ಸಿಕ್ಕಿಸಿ, ಅದನ್ನು ತೂತಿನಿಂದ ದೂರ ಎಂಜಿನ್ನಿನ ಲೋಹಕ್ಕೆ ತಾಗಿಸಿ, ಚಾವಿ ತಿರುವಿ ಕಿಕ್ ಹೊಡೆಯಿರಿ. ದಪ್ಪ ನೀಲಿ ಕಿಡಿ ಒಳ್ಳೆಯದು. ತೆಳುವಾದ ಹಳದಿ ಕಿಡಿ ಕೆಟ್ಟದ್ದು. ಬೀಡಿ, ಚಿಮಣಿ, ಒಲೆ ಹತ್ತಿರ ಇರಕೂಡದು. ಈ ಕೆಲಸ ಅಂಗಳದಲ್ಲಿಯೇ ಆಗಬೇಕು.

ಕಿಡಿ ಸೊರಗಿದ್ದರೆ ಬೇರೆ ಒಳ್ಳೆಯ ಪ್ಲಗ್ಗು ಹಾಕಿ ನೋಡಿರಿ. ಸರಿಹೋಗದಿದ್ದರೆ ಬ್ಯಾಟರಿಯನ್ನು ನೋಡಿರಿ. ಹಾರ್ನು ಗೊರಗೊರ ಎಂದರೆ ಅದು ಬಡವಾಗಿದೆ. ಬ್ಯಾಟರಿ ಚೆನ್ನಾಗಿದ್ದರೆ ಪಾಯಿಂಟುಗಳನ್ನು ಒರೆಸಿ, ತೆರೆದಾಗ ಅವುಗಳ ಅಂತರ ಸುಮಾರು 0.4 ಮಿಲಿಮೀಟರ್ ಇರುವಂತೆ ಕೂಡಿಸಿರಿ. ಎಂಜಿನ್ನು ನಡೆದಿರುವಾಗ ಪಾಯಿಂಟುಗಳಲ್ಲಿಯೇ ದೊಡ್ಡ ಕಿಡಿ ಹಾರುತ್ತಿದ್ದರೆ ಕಂಡೆನ್ಸರು ಹೋಗಿದೆ. ತಣ್ಣಗಿದ್ದಾಗ ನೆಟ್ಟಗೆ ನಡೆದು, ಕಾದ ಮೇಲೆ ಕೈಕೊಡುವುದೂ ಇದರ ಲಕ್ಷಣ.

ಮುಖ್ಯ ಮಾತೆಂದರೆ, ಒಂದು ಸಲಕ್ಕೆ ಒಂದನ್ನೇ ಬದಲಿಸಿರಿ. ಎರಡನ್ನು ಕೂಡಿಯೇ ಬದಲಿಸಿದರೆ ರೋಗ ಯಾವುದಿತ್ತೆಂಬುದು ತಿಳಿಯುವುದಿಲ್ಲ. ಇಷ್ಟೆಲ್ಲ ಸರಿಯಿದ್ದೂ ಕಿಕ್ ಹೊಡೆದಾಗ ಕಾಲಿಗೆ ಬಿಗಿ ಹತ್ತದಿದ್ದರೆ ಮಾತ್ರ ಒಳಗಿನ ದೋಷ. ಆಗ ಮಿಸ್ತ್ರಿಯ ಕಡೆಗೆ ಹೋಗಿ, ನೀವು ಕಂಡದ್ದನ್ನು ಕ್ರಮವಾಗಿ ಹೇಳಿರಿ. ಅವನ ವೇಳೆಯೂ ನಿಮ್ಮ ರೊಕ್ಕವೂ ಉಳಿಯುವವು.